ನವಾಹೋ ನಾಡಿನಲ್ಲಿ ಕೃಷಿವಿದ್ಯೆ: ವಿದ್ಯಾರ್ಥಿಗಳ ಕ್ಷೇತ್ರಶಿಕ್ಷಣದ ಚಾರಿತ್ರಿಕ ಹಿನ್ನೆಲೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈರುತ್ಯ ಭಾಗದಲ್ಲಿ, ಆರಿಜೋನಾ, ನ್ಯೂ ಮೆಕ್ಸಿಕೋ ಮತ್ತು ಯೂಟಾ ರಾಜ್ಯಗಳ ಒಣ ಪ್ರಸ್ಥಭೂಮಿಯಲ್ಲಿ ನವಾಹೋ ಜನಾಂಗದ ನಾಡು ಹಬ್ಬಿಕೊಂಡಿದೆ. ತಮ್ಮನ್ನು ‘ಡಿನೆ’, ಅಂದರೆ ‘ಜನ’, ಎಂದು ಕರೆದುಕೊಳ್ಳುವ ಇವರ ಕಾಲೇಜಿನ ವಿದ್ಯಾರ್ಥಿಗಳು ಇಂದು ಇಂಟರ್ನ್‌ಶಿಪ್ ಎಂಬ ಹೆಸರಿನಲ್ಲಿ ಕೆಲಕಾಲ ಹೊಲಗಳ ಮತ್ತು ಕುರಿಮಂದೆಗಳ ನಡುವೆ ದುಡಿದು, ತಾವು ಕಲಿತುದನ್ನು ಊರವರೊಡನೆ ಹಂಚಿಕೊಳ್ಳುವ ಪದ್ಧತಿಯಿದೆ. ಮೇಲುನೋಟಕ್ಕೆ ಇದು ಎಲ್ಲೆಡೆಯೂ ಕಾಣುವ ಪಠ್ಯಕ್ರಮದ ಒಂದಂಗವೆಂದು ತೋರಬಹುದು. ಆದರೆ ಕೃಷಿಯ ವಿಷಯದಲ್ಲಿ ಯಾರು ಯಾರಿಗೆ ಕಲಿಸಬೇಕೆಂಬ ಪ್ರಶ್ನೆ ಆ ನಾಡಿನಲ್ಲಿ ಬಹು ದುಃಖಕ್ಕೆ ಕಾರಣವಾದುದರಿಂದ, ಈ ಪದ್ಧತಿಯನ್ನು ಚರಿತ್ರೆಯ ಬೆಳಕಿನಲ್ಲಿ ನೋಡುವುದು ಅವಶ್ಯಕ.

ಅಮೆರಿಕಾ ಸರ್ಕಾರದ ಆಳ್ವಿಕೆ ಬರುವುದಕ್ಕೆ ಬಹು ಪೂರ್ವದಲ್ಲಿಯೇ ನವಾಹೋಗಳು ನುರಿತ ಬೇಸಾಯಗಾರರಾಗಿದ್ದರು. ಮಳೆಯ ನೀರು ಹರಿದುಬಂದು ಹರಡುವ ಹಳ್ಳಗಳ ಬಾಯಿಯಲ್ಲಿ ಹೊಲ ಮಾಡಿ, ನೆಲದಾಳದ ತೇವ ದೊರೆಯುವಂತೆ ಮೊನೆಗೋಲಿನಿಂದ ಆಳವಾದ ಕುಳಿ ತೋಡಿ, ಕುಳಿಗೆ ಹಲವು ಕಾಳುಗಳಂತೆ ಮುಸುಕಿನ ಜೋಳವನ್ನು ಬಿತ್ತಿ, ಕುಳಿಗಳ ನಡುವೆ ಹೆಚ್ಚು ಅಂತರ ಬಿಡುವುದು ಅವರ ಕ್ರಮ. 1863–64ರ ದಂಡಯಾತ್ರೆಯಲ್ಲಿ ಕಿಟ್ ಕಾರ್ಸನ್ನನ ನೇತೃತ್ವದ ಸೈನ್ಯವು ಈ ಹೊಲಗಳನ್ನು ಹಾಳುಗೆಡವಿತು. ಕ್ಯಾನ್ಯನ್ ಡ ಶೇ ಕಣಿವೆಯ ಪೀಚ್ ತೋಟಗಳನ್ನೂ ಕಡಿದುಹಾಕಿತು. ಸೋತ ಜನರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರಿಡಾಂಡೊ ಎಂಬಲ್ಲಿ ಕೂಡಿಹಾಕಲಾಯಿತು. ಅಲ್ಲಿ ಸೈನ್ಯದ ಮೇಲ್ವಿಚಾರಣೆಯಲ್ಲಿ ಬಿತ್ತಿದ ಬೆಳೆಗಳು ಹುಳುವಿನ ಬಾಧೆಯಿಂದಲೂ ಸವುಳು ನೀರಿನಿಂದಲೂ ಕೆಟ್ಟುಹೋದುವು. ಬೇಸಾಯ ಬಲ್ಲವರಿಗೆ ಬೇಸಾಯ ಕಲಿಸಹೊರಟ ಈ ಪ್ರಯತ್ನವು 1868ರ ಒಪ್ಪಂದದಿಂದ ಮುಗಿದು, ಜನರು ಸ್ವಸ್ಥಳಕ್ಕೆ ಮರಳಿದರು. ಅದೇ ಒಪ್ಪಂದದಲ್ಲಿ ಬೀಜ ಮತ್ತು ಉಪಕರಣಗಳನ್ನು ಒದಗಿಸುವ ಮಾತಿನೊಡನೆ, 6ರಿಂದ 16 ವರ್ಷದ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂಬ ವಿಧಿಯೂ ಸೇರಿತ್ತು.

ತರುವಾಯ ಊರವರೊಡನೆ ಕುಳಿತು ಮಾತನಾಡುವ ಕ್ರಮವೊಂದು ಹುಟ್ಟಿತು. 1927ರಲ್ಲಿ ಲೂಪ್ ಎಂಬಲ್ಲಿನ ಅಧಿಕಾರಿ ಜಾನ್ ಹಂಟರ್ ಸ್ಥಳೀಯ ಸಭೆಗಳನ್ನು ಏರ್ಪಡಿಸಿದನು. ‘ಚಾಪ್ಟರ್’ ಎಂದು ಹೆಸರಾದ ಈ ಸಭೆಗಳಲ್ಲಿ ಬೇಸಾಯ ಮತ್ತು ಪಶುಪಾಲನೆಯ ಸುಧಾರಣೆ ಚರ್ಚೆಗೆ ಬರುತ್ತಿತ್ತು. ಆದರೆ 1930ರ ದಶಕದಲ್ಲಿ, ಜಾನ್ ಕಾಲಿಯರ್ ಆದಿವಾಸಿ ವ್ಯವಹಾರಗಳ ಕಮಿಷನರ್ ಆಗಿದ್ದಾಗ, ಮಂದೆಗಳ ಅತಿಮೇವಿನಿಂದ ಮಣ್ಣು ಕೊಚ್ಚಿಹೋಗುತ್ತಿದೆಯೆಂದೂ ಅದು ಬೌಲ್ಡರ್ ಅಣೆಕಟ್ಟಿನಲ್ಲಿ ಹೂಳಾಗಿ ಸೇರುವುದೆಂದೂ ತಜ್ಞರು ಎಚ್ಚರಿಸಲು, ಸರ್ಕಾರವು ಕುರಿ, ಮೇಕೆ, ಕುದುರೆಗಳ ಸಂಖ್ಯೆಯನ್ನು ಬಲಾತ್ಕಾರವಾಗಿ ಇಳಿಸಿತು. ಸಾವಿರಾರು ಪ್ರಾಣಿಗಳನ್ನು ಗುಂಡಿಟ್ಟು ಕೊಂದು ಅಲ್ಲಿಯೇ ಬಿಡಲಾಯಿತು. ಸವಕಳಿ ನಿಜವಾಗಿಯೇ ಇತ್ತು. ಆದರೆ ಮಂದೆಗಳ ಒಡೆತನ ಬಹುಮಟ್ಟಿಗೆ ಹೆಂಗಸರದೆಂಬುದನ್ನು ಅಧಿಕಾರಿಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಮಾತನ್ನು ಕೇಳಲಿಲ್ಲ. ವಿಜ್ಞಾನದ ಹೆಸರಿನಲ್ಲಿ ಬಂದವರ ಮೇಲಿನ ಅವಿಶ್ವಾಸ ಅಂದಿನಿಂದ ಆಳವಾಗಿ ಬೇರೂರಿತು.

ಇನ್ನು ಉನ್ನತ ಶಿಕ್ಷಣದ ವಿಷಯ. ಕೃಷಿ ಕಾಲೇಜುಗಳಿಗೆ ಭೂದಾನ ಮಾಡುವ ಮೊರಿಲ್ ಶಾಸನ 1862ರಲ್ಲಿ ಜಾರಿಗೆ ಬಂದಿತು. ಹಾಗೆ ದಾನವಾದ ಭೂಮಿ ಮೂಲತಃ ಆದಿವಾಸಿಗಳಿಂದ ಪಡೆದುದು. ಈ ಮಾದರಿಯ ವಿಶ್ವವಿದ್ಯಾನಿಲಯ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲಿ 1964ರಲ್ಲಿ ಸ್ಥಾಪಿತವಾಯಿತು. ನವಾಹೋಗಳು 1968ರಲ್ಲಿ ತಾವೇ ಕಾಲೇಜೊಂದನ್ನು ಸ್ಥಾಪಿಸಿದರು. ಆದಿವಾಸಿ ಜನಾಂಗವೊಂದು ಸ್ಥಾಪಿಸಿದ ಮೊದಲ ಕಾಲೇಜು ಅದು. 1969ರಲ್ಲಿ ಮೆನಿ ಫಾರ್ಮ್ಸ್, ಅಂದರೆ ‘ಬಹು ಹೊಲಗಳು’, ಎಂಬ ಊರಿನಲ್ಲಿ ಪಾಠಗಳು ಆರಂಭವಾದುವು. 1997ರಿಂದ ಅದರ ಹೆಸರು ಡಿನೆ ಕಾಲೇಜು. ಇಂತಹ 29 ಕಾಲೇಜುಗಳಿಗೆ ಭೂದಾನ ಸಂಸ್ಥೆಗಳ ಸ್ಥಾನ ದೊರೆತುದು 1994ರಲ್ಲಿ. ಭೂಮಿ ಕಳೆದುಕೊಂಡವರಿಗೆ ಅದರ ಫಲ ಮುಟ್ಟಲು 132 ವರ್ಷ ಹಿಡಿಯಿತು.

ಕಾಲೇಜಿನ ಕೃಷಿ ವಿಸ್ತರಣೆ ಮತ್ತು ವಿದ್ಯಾರ್ಥಿಗಳ ಕ್ಷೇತ್ರಶಿಕ್ಷಣ ಈ ಸ್ಥಾನದ ಆಧಾರದ ಮೇಲೆ ಬೆಳೆದಿವೆ. ಚಿಂತನೆ, ಯೋಜನೆ, ಬಾಳುವೆ, ದೃಢತೆ ಎಂಬ ನಾಲ್ಕು ಹಂತಗಳು ಅಲ್ಲಿಯ ಶಿಕ್ಷಣತತ್ತ್ವದ ತಳಹದಿ. ಕ್ಷೇತ್ರಶಿಕ್ಷಣವನ್ನು ಇವುಗಳಲ್ಲಿ ಮೂರನೆಯದರ ಅಭ್ಯಾಸವೆನ್ನಬಹುದು. ಮಣ್ಣಿನ ಪರೀಕ್ಷೆಯನ್ನು ಪ್ರಯೋಗಶಾಲೆಯಲ್ಲಿ ಕಲಿತ ವಿದ್ಯಾರ್ಥಿಗೆ, ಯಾವ ಹಳ್ಳದ ನೀರು ಎಲ್ಲಿ ತಿರುಗುವುದೆಂಬುದನ್ನು ಹೇಳಬಲ್ಲವರು ಹೊಲದ ಹಿರಿಯರೇ. ಅವರ ಮಾತು ನವಾಹೋ ಭಾಷೆಯಲ್ಲಿರುತ್ತದೆ. ಆದಕಾರಣ ವಿದ್ಯಾರ್ಥಿಯು ಏಕಕಾಲದಲ್ಲಿ ಶಿಷ್ಯನೂ ದುಭಾಷಿಯೂ ಆಗಬೇಕಾಗುತ್ತದೆ.

ಈ ಅಗತ್ಯವೆಷ್ಟೆಂಬುದು 2015ರ ಆಗಸ್ಟ್ 5ರ ಅನಾಹುತದಿಂದ ಸ್ಪಷ್ಟವಾಯಿತು. ಅಂದು ಗೋಲ್ಡ್ ಕಿಂಗ್ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ಕಲುಷಿತ ನೀರು ಅನಿಮಾಸ್ ನದಿಗೆ ನುಗ್ಗಿ, ಅಲ್ಲಿಂದ ಸಾನ್ ಹ್ವಾನ್ ನದಿಯನ್ನು ಸೇರಿತು. ಶಿಪ್‌ರಾಕ್ ಭಾಗದ ರೈತರ ಕಾಲುವೆಗಳು ಮುಚ್ಚಿದುವು. ಸರ್ಕಾರದ ತಜ್ಞರು ವಿಹಾರಕ್ಕೆ ಬಂದವನು ನದಿಯ ನೀರನ್ನು ಬಳಸುವ ಪ್ರಮಾಣವನ್ನು ಆಧರಿಸಿ ಅಪಾಯವನ್ನು ಅಳೆದರು. ನವಾಹೋ ಜನಾಂಗದವರೇ ಆದ ಜಲವಿಜ್ಞಾನಿ ಕಾರ್ಲೆಟ್ಟಾ ಚೀಫ್ ಮತ್ತು ಅವರ ಸಂಗಡಿಗರು ಊರವರನ್ನೇ ವಿಚಾರಿಸಲು, ಬೇಸಾಯ, ಪಶುಪಾಲನೆ, ಧಾರ್ಮಿಕ ಆಚರಣೆಗಳೇ ಮೊದಲಾಗಿ ನದಿಯೊಡನೆ ಜನರಿಗಿದ್ದ ಸಂಬಂಧಗಳು 40ಕ್ಕೂ ಮಿಕ್ಕಿ ಕಂಡುಬಂದುವು. ಊರಿನ ಬಾಳುವೆಯನ್ನು ಅರಿತವರಿಗೆ ಮಾತ್ರ ಕೇಳಲು ಸಾಧ್ಯವಾದ ಪ್ರಶ್ನೆ ಅದು.

ಹೀಗೆ, ಕುರಿಗಳನ್ನು ಎಣಿಸಿ ಕೊಂದ ತಜ್ಞತೆಗೂ, ಹೊಲದಲ್ಲಿ ಹಿರಿಯರ ಬಳಿ ಕಲಿತು ಚಾಪ್ಟರ್ ಸಭೆಯಲ್ಲಿ ಉತ್ತರ ಹೇಳಬೇಕಾದ ವಿದ್ಯೆಗೂ ಇರುವ ಅಂತರವೇ ಈ ಕ್ಷೇತ್ರಶಿಕ್ಷಣದ ಸಾರ. ನೀರಿನ ಅಭಾವವನ್ನು, ಯುವಜನರು ಪಟ್ಟಣಗಳಿಗೆ ಹೊರಟುಹೋಗುವುದನ್ನು ಇದೊಂದೇ ನಿವಾರಿಸಲಾರದು. ಆದರೂ ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳುಹಿಸುವ ನಮ್ಮ ವಿದ್ಯಾಲಯಗಳಿಗೂ, ಅವರು ಕಲಿಸಲು ಹೋಗುತ್ತಾರೆಯೋ ಕಲಿಯಲು ಹೋಗುತ್ತಾರೆಯೋ ಎಂಬ ಈ ಪ್ರಶ್ನೆ ವಿಚಾರಾರ್ಹವಾದುದು.