ಕಾರೀಗರನಿಗೂ ಒಂದು ಕೋಣೆ

ನಾವು ಉರ್ದು ಶಾಲೆಯಲ್ಲಿ ಕಲಿಯುತ್ತಿದ್ದಾಗ ‘ಫನ್’ ಎಂದರೆ ‘ಕಲೆ’ ಎಂದು ಮಾಸ್ತರರು ಹೇಳಿಕೊಟ್ಟಿದ್ದರು. ಕಲಾವಿದ ‘ಫನ್‌ಕಾರ್’. ಅದೇ ಪದಕ್ಕೆ ಒಂದು ದೀರ್ಘ ಸೇರಿಸಿ ‘ಫನ್ನೀ’ ಎಂದರೆ ‘ತಾಂತ್ರಿಕ’. ‘ಫನ್ನೀ ತಾಲೀಮ್’ ಎಂದರೆ ತಾಂತ್ರಿಕ ಶಿಕ್ಷಣ. ಮುಂದೆ ಕನ್ನಡ ಶಾಲೆಗೆ ಬಂದಾಗ ‘ಶಿಲ್ಪಿ’ ಎಂಬ ಪದ ಸಿಕ್ಕಿತು. ಮೂರ್ತಿ ಕಡೆದವನೂ ಶಿಲ್ಪಿ, ಕಂಬದ ಭಾರ ಲೆಕ್ಕ ಹಾಕಿದವನೂ ಶಿಲ್ಪಿ. ಎರಡೂ ಭಾಷೆಗಳು ಒಂದೇ ಮಾತು ಹೇಳುತ್ತಿದ್ದವು. ಕಾಲೇಜಿನ ಬಾಗಿಲಿಗೆ ಬಂದಾಗ ಮಾತ್ರ ಆರ್ಟ್ಸ್ ಒಂದು ಕಡೆ, ಸೈನ್ಸ್ ಇನ್ನೊಂದು ಕಡೆ ಎಂಬ ಎರಡು ಸಾಲುಗಳು ನಮ್ಮನ್ನು ಎದುರುಗೊಂಡವು.

ನಮ್ಮ ದುಮ್ಮವಾಡದ ಕಡೆ ಮಗು ಹುಟ್ಟಿದರೆ ಕಲಘಟಗಿ ತೊಟ್ಟಿಲಿನ ಮಾತು ಬರುತ್ತದೆ. ಸಾಗುವಾನಿ ಕಟ್ಟಿಗೆ, ಅರಗಿನ ಬಣ್ಣ, ಪಟ್ಟಿಯ ಮೇಲೆ ಚಿತ್ರ. ಕೃಷ್ಣನ ಬಾಲಲೀಲೆಯ ತೊಟ್ಟಿಲುಗಳು ಊರಲ್ಲಿದ್ದವು. ನಮ್ಮ ಮನೆಗೆ ಬಂದದ್ದರ ಮೇಲೆ ಬರೀ ಹೂವು, ಬಳ್ಳಿ. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಕಟ್ಟಿಗೆಗೆ ಹತ್ತುತ್ತದೆ. ಎಷ್ಟು ಬಿಸಿ, ಎಷ್ಟು ಒತ್ತು ಎಂಬುದು ಕಾರೀಗರನ ಕೈಗೆ ಗೊತ್ತು. ಇದು ಕಲೆಯೋ ಇಂಜಿನಿಯರಿಂಗೋ ಎಂದು ಕೇಳಿದರೆ ಆತ ನಕ್ಕಾನು.

ಈಗ ಜಗತ್ತಿನ ದೊಡ್ಡ ವಿಶ್ವವಿದ್ಯಾಲಯಗಳು ಈ ಎರಡನ್ನೂ ಮತ್ತೆ ಒಂದೇ ಸೂರಿನಡಿ ಕೂಡಿಸಲು ಹೊರಟಿವೆ. ಕಲಾವಿದರನ್ನು ಕೆಲವು ತಿಂಗಳ ಮಟ್ಟಿಗೆ ತಂತ್ರಜ್ಞಾನದ ಕ್ಯಾಂಪಸ್ಸಿಗೆ ಕರೆಸಿ, ಇರಲು ಕೋಣೆ, ಖರ್ಚಿಗೆ ಹಣ, ಪ್ರಯೋಗಾಲಯದ ಬೀಗದ ಕೈ ಕೊಡುತ್ತಾರೆ. ಇದಕ್ಕೆ ‘ರೆಸಿಡೆನ್ಸಿ’ ಎಂದು ಹೆಸರು. ಕಲಾವಿದರ ವಾಸ್ತವ್ಯ ಎನ್ನೋಣ.

ಇದರ ಆಧುನಿಕ ಕಥೆಯನ್ನು ಸಾಮಾನ್ಯವಾಗಿ ಅಮೆರಿಕದಿಂದ ಆರಂಭಿಸುತ್ತಾರೆ. 1966ರ ಅಕ್ಟೋಬರಿನಲ್ಲಿ ಬೆಲ್ ಲ್ಯಾಬ್ಸ್‌ನ ಇಂಜಿನಿಯರ್ ಬಿಲ್ಲಿ ಕ್ಲೂವರ್ ಮತ್ತು ಚಿತ್ರಕಾರ ರಾಬರ್ಟ್ ರೌಶೆನ್‌ಬರ್ಗ್ ಸೇರಿ ನ್ಯೂಯಾರ್ಕಿನ ಒಂದು ಸೇನಾ ಕಟ್ಟಡದಲ್ಲಿ ಒಂಬತ್ತು ಸಂಜೆಗಳ ಪ್ರದರ್ಶನ ನಡೆಸಿದರು. ಹತ್ತು ಮಂದಿ ಕಲಾವಿದರು, ಅವರಿಗೆ ಜೊತೆಯಾಗಿ ಸುಮಾರು ಮೂವತ್ತು ಮಂದಿ ಇಂಜಿನಿಯರರು. ಮರುವರ್ಷ, 1967ರಲ್ಲಿ, ಎಂ.ಐ.ಟಿ.ಯಲ್ಲಿ ಹಂಗೇರಿ ಮೂಲದ ಕಲಾವಿದ ಜಾರ್ಜಿ ಕೆಪೆಶ್ ದೃಶ್ಯಕಲೆಯ ಕೇಂದ್ರವೊಂದನ್ನು ಕಟ್ಟಿ ಕಲಾವಿದರನ್ನು ವಿಜ್ಞಾನಿಗಳ ನೆರೆಯಲ್ಲಿ ಕೂಡಿಸಿದರು.

ಆ ಗಾಳಿ ಭಾರತಕ್ಕೂ ಬೇಗ ಬಂತು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಇರುವ ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಸ್ಥಾಪಿಸಿದರು. ಅದು ನಡೆದದ್ದು ಕೆಲವೇ ವರ್ಷ. ಅಲ್ಲಿ ಮುದ್ರಿಸಿದ ಟೇಪುಗಳು ದಶಕಗಳ ಕಾಲ ಕಪಾಟಿನಲ್ಲೇ ಉಳಿದವು.

ಕರ್ನಾಟಕದ ಉದಾಹರಣೆ ಬೆಂಗಳೂರಿನದು. ಸೃಷ್ಟಿ ಕಲಾ ಮತ್ತು ವಿನ್ಯಾಸ ಶಾಲೆಯ ವಿದ್ಯಾರ್ಥಿಗಳ ಒಂದು ತಂಡ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ನೆರವಿನಿಂದ ಪ್ರಯೋಗಾಲಯಕ್ಕೆ ಇಳಿದು, 2009ರಲ್ಲಿ ಎಂ.ಐ.ಟಿ.ಯ ಅಂತರರಾಷ್ಟ್ರೀಯ ಜೈವಿಕ ತಂತ್ರಜ್ಞಾನ ಸ್ಪರ್ಧೆಗೆ ಹೋಯಿತು. ಅವರು ಆರಿಸಿಕೊಂಡದ್ದು ಮೊದಲ ಮಳೆಯ ಮಣ್ಣಿನ ವಾಸನೆ. ಆ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಬ್ಯಾಕ್ಟೀರಿಯಾದಿಂದ ಹುಟ್ಟಿಸುವ ಪ್ರಯೋಗ ಅದು. ಉರೂಸಿನ ಅಂಗಡಿಯಲ್ಲಿ ‘ಮಿಟ್ಟಿ ಅತ್ತರು’ ಮೂಸಿ ನೋಡಿದವರಿಗೆ ಈ ಸುದ್ದಿ ಕೇಳಿ ಒಂದು ನಗು ಬಂದೀತು. ಕನೌಜಿನ ಅತ್ತರಿನವರು ಒಣ ಮಣ್ಣನ್ನು ತಾಮ್ರದ ದೇಗಿನಲ್ಲಿ ಕಾಯಿಸಿ, ಹಬೆಯನ್ನು ಶ್ರೀಗಂಧದ ಎಣ್ಣೆಗೆ ಇಳಿಸಿ ಅದೇ ವಾಸನೆಯನ್ನು ಬಹಳ ಹಿಂದಿನಿಂದಲೂ ಶೀಶೆಗೆ ತುಂಬುತ್ತಿದ್ದಾರೆ. ಹುಡುಗರ ಕೆಲಸವನ್ನು ಹಗುರ ಮಾಡಲು ಇದನ್ನು ಹೇಳುತ್ತಿಲ್ಲ. ಪ್ರಯೋಗಾಲಯಕ್ಕೆ ಬರಬೇಕಾದ ಫನ್‌ಕಾರರು ಎಲ್ಲೆಲ್ಲಿ ಇದ್ದಾರೆ ಎಂದು ತೋರಿಸಲು ಹೇಳುತ್ತಿದ್ದೇವೆ.

ನಮ್ಮ ಭಾಗದಲ್ಲಿ ಇಂಥ ಭೇಟಿ ಇನ್ನೂ ಮೊದಲೇ ನಡೆದಿದೆ. ಅದರ ನಾಯಕ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿ, ಮಿರಜವನ್ನು ತಮ್ಮ ಊರಾಗಿಸಿಕೊಂಡವರು. ಕಂಠದಷ್ಟೇ ಕೈಯೂ ಪಳಗಿತ್ತು. ತಂಬೂರಿ, ಬೀನ್‌ಗಳನ್ನು ತಾವೇ ರಿಪೇರಿ ಮಾಡುತ್ತಿದ್ದರು.

ಆ ಕಾಲಕ್ಕೆ ಸಾಂಗಲಿಯಲ್ಲಿ ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಇದ್ದರು. ಪ್ರಾಚೀನರು ಹೇಳಿದ ಇಪ್ಪತ್ತೆರಡು ಶ್ರುತಿಗಳನ್ನು ಅಳೆದು ತೋರಿಸಬೇಕೆಂಬ ಹಟ ಅವರದು. ಖಾನ್‌ಸಾಹೇಬರು ಹಾಡಿದರು, ದೇವಲ್ ತಂತಿಯ ಮೇಲೆ ಸ್ವರ ಹಿಡಿದು ಉದ್ದ ಅಳೆದರು. 1910ರಲ್ಲಿ ದೇವಲ್ ಅವರ ಪುಸ್ತಕ ಬಂತು. ಬ್ರಿಟಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್ ಜೊತೆಗೂಡಿ, 1913ರಲ್ಲಿ ತಮ್ಮದೇ ಪುಸ್ತಕ ಪ್ರಕಟಿಸಿದರು. ಈ ಲೆಕ್ಕದ ಪ್ರಕಾರ ಲಂಡನ್ನಿನಲ್ಲಿ ಶ್ರುತಿ ಹಾರ್ಮೋನಿಯಂ ತಯಾರಾಯಿತು. ಗಾಯಕ, ಅಳೆಯುವವ, ಯಂತ್ರ ಮಾಡುವವ: ಇಂದಿನ ಕ್ಯಾಂಪಸ್ಸುಗಳು ಬಯಸುವ ಕೂಟವೇ ಇದು.

ಆದರೆ 1916ರಲ್ಲಿ ಬರೋಡಾದಲ್ಲಿ ಸೇರಿದ ಮೊದಲ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಈ ವಾದ್ಯಕ್ಕೆ ಸಂಗೀತಗಾರರ ಒಪ್ಪಿಗೆ ಸಿಗಲಿಲ್ಲ. ಕಾರಣ ಬಲ್ಲವರಿಗೆ ಕಷ್ಟದ್ದಲ್ಲ. ಗಾಯಕನ ಸ್ವರ ರಾಗದಿಂದ ರಾಗಕ್ಕೆ ಸರಿಯುತ್ತದೆ, ಮೀಂಡಿನಲ್ಲಿ ಜಾರುತ್ತದೆ. ಹಾರ್ಮೋನಿಯಂನ ರೀಡಿಗೆ ಆ ಜಾರುವಿಕೆ ಬಾರದು. ನಮಗೆ ಇನ್ನೊಂದು ಸಂಗತಿಯೂ ಕಾಣುತ್ತದೆ. ಆ ಪ್ರಯೋಗದಲ್ಲಿ ಉಸ್ತಾದರು ಉತ್ತರ ಕೊಡುವವರಾಗಿದ್ದರು, ಪ್ರಶ್ನೆ ಕೇಳುವವರಾಗಿರಲಿಲ್ಲ. ಪುಸ್ತಕಗಳ ಮುಖಪುಟದಲ್ಲಿ ಲೇಖಕರೆಂದು ಇರುವುದು ಅಳೆದವರ ಹೆಸರು.

ಅದೇ ಉಸ್ತಾದರಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮನೆ ಸಿಕ್ಕಿತ್ತು. ಮೈಸೂರು ಅರಮನೆಗೆ ಹೋಗಿಬರುವಾಗ ಅವರು ಕುಂದಗೋಳದ ನಾಡಿಗೇರ ವಾಡೆಯಲ್ಲಿ ತಂಗುತ್ತಿದ್ದರು. ಆಗ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಬ್ರಾಹ್ಮಣ ಮನೆತನದ ವಾಡೆಯಲ್ಲಿ ಮುಸ್ಲಿಂ ಉಸ್ತಾದ್. ಅವರ ಶಾಗಿರ್ದ್ ರಾಮಚಂದ್ರ ಕುಂದಗೋಳಕರ್, ಮುಂದೆ ಸವಾಯಿ ಗಂಧರ್ವ. ಅಲ್ಲಿ ಉಸ್ತಾದರ ಮುಂದೆ ಅಳತೆಗೋಲು ಹಿಡಿದು ಕುಳಿತವರಿರಲಿಲ್ಲ. ಊಟ, ವಿಶ್ರಾಂತಿ, ರಿಯಾಜು, ಮಾತು ಎಲ್ಲ ಒಂದೇ ಸೂರಿನಡಿ. ಅದರ ಫಲವನ್ನು ಲೋಕ ಕೇಳಿದೆ. ಸವಾಯಿ ಗಂಧರ್ವರ ಬಳಿ ಪಾಠಕ್ಕೆಂದು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬರುತ್ತಿದ್ದರು. 1936ರಲ್ಲಿ ಹುಡುಗ ಭೀಮಸೇನ ಜೋಶಿ ಬಂದು ಸೇರಿದರು. ವಾಸ್ತವ್ಯ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥವನ್ನು ನಾವು ಕಂಡಿಲ್ಲ. ಖಾನ್‌ಸಾಹೇಬರು 1937ರಲ್ಲಿ ತೀರಿಕೊಂಡರು. ಮಿರಜದಲ್ಲಿ ಮೀರಾಸಾಹೇಬರ ದರ್ಗಾದ ಹತ್ತಿರ ಅವರ ಸಮಾಧಿಯಿದೆ.

ಮಿರಜದಲ್ಲಿ ಇನ್ನೊಂದು ಬಗೆಯ ಫನ್‌ಕಾರರಿದ್ದಾರೆ. ಕತ್ತಿ, ಆಯುಧಗಳ ಕಸುಬಿನಲ್ಲಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ಸಿತಾರ, ತಂಬೂರಿ ಮಾಡುವುದಕ್ಕೆ ತಿರುಗಿದರು. ಅವರಲ್ಲಿ ಫರೀದ್ ಸಾಹೇಬರ ಹೆಸರು ದೊಡ್ಡದು. ತಂಬೂರಿಯ ಕುದುರೆಯ ಮೈಯನ್ನು ಕಾನಸಿನಿಂದ ಕೂದಲೆಳೆಯಷ್ಟು ತೀಡಿ, ತಂತಿಯ ಕೆಳಗೆ ದಾರ ಸರಿಸಿದಾಗ ನಾದ ಗುಂಯ್ ಎಂದು ಅರಳುತ್ತದೆ. ಇದಕ್ಕೆ ‘ಜವಾರಿ’ ತೆಗೆಯುವುದು ಎನ್ನುತ್ತಾರೆ. ತಂತಿಯನ್ನು ಮೀಟಿದ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಹುಟ್ಟಬಾರದು ಎಂಬುದು ಯುರೋಪಿನ ಭೌತಶಾಸ್ತ್ರದ ನಿಯಮವಾಗಿತ್ತು. ವೀಣೆ, ತಂಬೂರಿಗಳು ಆ ನಿಯಮ ಮೀರುತ್ತವೆ, ಅದಕ್ಕೆ ಬಾಗಿದ ಕುದುರೆಯೇ ಕಾರಣ ಎಂದು 1921ರಲ್ಲಿ ಕಲ್ಕತ್ತಾದಲ್ಲಿದ್ದ ಸಿ.ವಿ. ರಾಮನ್ ತೋರಿಸಿದರು. ಚರ್ಮವಾದ್ಯದ ನಡುವಿನ ಕಪ್ಪು ಕರಣೆ ಉಪಸ್ವರಗಳನ್ನು ಹೇಗೆ ಸುಸ್ವರವಾಗಿಸುತ್ತದೆ ಎಂದು 1920ರಲ್ಲೇ ಬರೆದಿದ್ದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಮರುವರ್ಷ ಅದೇ ವಿಷಯವನ್ನು ಇನ್ನೂ ವಿಸ್ತರಿಸಿದರು. ವಿಜ್ಞಾನಿಯ ದೊಡ್ಡತನ ಅಲ್ಲಿದೆ. ಆದರೆ ಅವರು ವಿವರಿಸಿದ ಕುದುರೆಯನ್ನು ತೀಡಿದವರ, ಕರಣೆ ಹಚ್ಚಿದವರ ಹೆಸರು ಇತಿಹಾಸದಲ್ಲಿ ಉಳಿಯಲಿಲ್ಲ. ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿದ್ದು 2024ರಲ್ಲಿ.

ಇಂದು ನಮ್ಮ ಜಿಲ್ಲೆಯಲ್ಲಿ ಇಂಜಿನಿಯರಿಂಗ್ ವಿದ್ಯೆಗೆ ಬರವಿಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಆರಂಭವಾದದ್ದು 1947ರಲ್ಲಿ. ಧಾರವಾಡದ ಐ.ಐ.ಟಿ. 2016ರಲ್ಲಿ ಶುರುವಾಗಿ, 2023ರಲ್ಲಿ ತನ್ನ ಸ್ವಂತ ಕ್ಯಾಂಪಸ್ಸಿನ ಉದ್ಘಾಟನೆ ಕಂಡಿತು. ಇಂಥ ಕ್ಯಾಂಪಸ್ಸುಗಳು ಕಲಾವಿದರನ್ನು ಕರೆಯಲಿ ಎಂಬುದೇ ನಮ್ಮ ಆಸೆ. ಹೇಗೆ ಕರೆಯುತ್ತಾರೆ ಎಂಬುದೊಂದೇ ಪ್ರಶ್ನೆ. ವಾರ್ಷಿಕೋತ್ಸವಕ್ಕೆ ಗೋಡೆಗೆ ಚಿತ್ರ ಬರೆಸಿ ಶಾಲು ಹೊದಿಸಿ ಕಳಿಸುವುದು ವಾಸ್ತವ್ಯವಲ್ಲ. ಹಾಡಿಸಿ ಅಳೆದುಕೊಂಡು ಬಿಡುವುದೂ ಅಲ್ಲ.

ಕಲಘಟಗಿಯ ತೊಟ್ಟಿಲು ಮಾಡುವವನನ್ನೇ ಆರು ತಿಂಗಳು ಕರೆಸಿ ಎನ್ನೋಣ. ಸಾಗುವಾನಿ ಕೈಗೆಟುಕದಾದರೆ ಬೇರೆ ಯಾವ ಕಟ್ಟಿಗೆ ತಾಳೀತು? ಕೂಸು ನಾಲಿಗೆ ಹಚ್ಚುವ ಬಣ್ಣದಲ್ಲಿ ಸೀಸ ಇದೆಯೇ? ಪ್ರಶ್ನೆ ಆತನದು, ಯಂತ್ರ ಕ್ಯಾಂಪಸ್ಸಿನದು. ವರ್ಷಗಟ್ಟಲೆ ತೂಗಿದರೂ ಸಡಿಲಾಗದ ಕೀಲಿನ ಗುಟ್ಟನ್ನು ಹುಡುಗರು ಆತನಿಂದ ಕಲಿಯಲಿ. ಕೊನೆಗೆ ಬರೆಯುವ ಪ್ರಬಂಧದಲ್ಲಿ ಆತನ ಹೆಸರೂ ಲೇಖಕರ ಸಾಲಿನಲ್ಲಿರಲಿ. ಆಗ ಆತನ ಮಗನಿಗೆ ಅಪ್ಪನ ಕಸುಬು ಬಿಟ್ಟೋಡಬೇಕಾದ ಕೆಲಸವಾಗಿ ಕಾಣಲಾರದು. ಇಂಜಿನಿಯರಿಂಗ್ ಓದಿದರೂ ಅದರ ಬೆನ್ನಿಗೆ ಅಪ್ಪನ ಕೈ ಇದೆ ಎನ್ನಿಸೀತು.

ನಾಡಿಗೇರ ವಾಡೆಯವರು ಯಾವ ಯೋಜನೆಯ ಹಣವೂ ಇಲ್ಲದೆ ಒಬ್ಬ ಫನ್‌ಕಾರನಿಗೆ ಜಾಗ ಕೊಟ್ಟರು. ಕೋಟಿಗಟ್ಟಲೆ ಖರ್ಚಿನಲ್ಲಿ ಕಟ್ಟಿದ ನಮ್ಮ ಕ್ಯಾಂಪಸ್ಸುಗಳಲ್ಲಿ ಕಾರೀಗರನಿಗೆ ಒಂದು ಕೋಣೆ ಹೆಚ್ಚಾಗಲಾರದು.