ಉಪ್ಪುನೀರಿನ ಅಕ್ವೇರಿಯಂ ಸಿಹಿನೀರಿಗೆ ಬದಲಾಯಿಸೋದು ಹೇಗೆ? ಟ್ಯಾಂಕ್ ಇಟ್ಟವರಿಗೆ ಪೂರ್ತಿ ಮಾಹಿತಿ

ಅಷ್ಟೂರ (ಬೀದರ): ನಮ್ಮ ಜಿಲ್ಲೆಯಿಂದ ಯಾವ ದಿಕ್ಕಿಗೆ ಹೋದ್ರೂ ಸಮುದ್ರ 300 ಕಿ.ಮೀ.ಗೂ ದೂರ. ಸಮುದ್ರದ ಮೀನಿನ ಟ್ಯಾಂಕ್ ಇಟ್ರೆ ಉಪ್ಪಿನ ಪ್ಯಾಕೆಟ್, ಆರ್‌ಒ ನೀರು, ಔಷಧ ಎಲ್ಲಾ ಹೊರಗಿಂದ ತರಿಸಬೇಕು. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ದಪ್ಪ ಆಗುತ್ತೆ, ಕರೆಂಟ್ ಹೋದ್ರೆ ಮೀನು ಉಸಿರಾಡಲು ಒದ್ದಾಡುತ್ತೆ. ಹೀಗಾಗಿ ಅಂಗಡಿಯಲ್ಲೋ ಮನೆಯಲ್ಲೋ ಇಂಥ ಟ್ಯಾಂಕ್ ಇಟ್ಟು ಸಾಕಾದವರು ಅದನ್ನು ಮೂಲೆಗೆ ಹಾಕಬೇಕಿಲ್ಲ. ಅದೇ ಗಾಜಿನಲ್ಲಿ ಹಲವು ಜಾತಿಯ ಸಿಹಿನೀರಿನ ಮೀನು ಒಟ್ಟಿಗೆ ಸಾಕಬಹುದು. ಆದ್ರೆ ನೀರು ಮಾತ್ರ ಬದಲಿಸಿದ್ರೆ ಸಾಲದು.

ಮೊದಲು ಮೀನು
ಕ್ಲೌನ್, ಡ್ಯಾಮ್ಸೆಲ್‌ನಂಥ ಸಮುದ್ರದ ಮೀನು ಸಿಹಿನೀರಿನಲ್ಲಿ ಬದುಕಲ್ಲ. ನಿಧಾನಕ್ಕೆ ಉಪ್ಪು ಕಡಿಮೆ ಮಾಡಿದ್ರೂ ಆಗಲ್ಲ. ಕೊಂಡ ಅಂಗಡಿಗೆ ಅಥವಾ ಉಪ್ಪುನೀರಿನ ಟ್ಯಾಂಕ್ ಇರುವ ಬೇರೆಯವರಿಗೆ ಕೊಡಿ. ಅದು ಆಗೋವರೆಗೆ ಟ್ಯಾಂಕ್ ಖಾಲಿ ಮಾಡಬೇಡಿ.

ಉಪ್ಪುನೀರು ಎಲ್ಲಿ ಚೆಲ್ಲಬೇಕು?
ಇಲ್ಲೇ ಎಲ್ಲರೂ ಎಡವೋದು. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಸುಮಾರು 190 ಲೀಟರ್ ನೀರು ಹಿಡಿಯುತ್ತೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಂದ್ರೆ ಒಂದು ಟ್ಯಾಂಕಿನಲ್ಲಿ ಆರೂವರೆ ಕಿಲೋ ಉಪ್ಪು!

ಇದನ್ನು ಗಿಡದ ಬುಡಕ್ಕೆ, ಹೊಲಕ್ಕೆ, ಬಾವಿ-ಬೋರ್ ಹತ್ತಿರ, ಇಂಗುಗುಂಡಿಗೆ ಹಾಕಲೇಬೇಡಿ. ಬೀದರ ಸುತ್ತಲಿನ ಜಂಬಿಟ್ಟಿಗೆ ಕಲ್ಲು ತೂತುತೂತು, ಸುರಿದದ್ದು ಬೇಗ ಒಳಗೆ ಇಳಿಯುತ್ತೆ. ನೌಬಾದ್‌ನ ಕರೇಜ್ ಕಟ್ಟಿದ್ದೇ ಹಾಗೆ ಇಳಿದ ನೀರನ್ನು ಹಿಡಿಯೋಕೆ. ಔರಾದ, ಭಾಲ್ಕಿ ಕಡೆಯ ಕಪ್ಪು ಮಣ್ಣಿಗೆ ಉಪ್ಪು ಸೇರಿದ್ರೆ ಬೇಗ ಹೋಗಲ್ಲ. ಒಳಚರಂಡಿ ಇರುವ ಕಡೆ ದಿನಕ್ಕೆ ಒಂದೆರಡು ಬಕೆಟ್‌ನಂತೆ, ಸಾಕಷ್ಟು ನೀರು ಬೆರೆಸಿ ಬಿಡಿ. ಒಳಚರಂಡಿ ಇಲ್ಲದ ಹಳ್ಳಿಯಲ್ಲಿ ಅಗಲವಾದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಬಿಸಿಲಿಗೆ ಇಟ್ಟು ಒಣಗಿಸಿ, ಉಳಿದ ಉಪ್ಪನ್ನು ಕಸದ ಗಾಡಿಗೆ ಕೊಡಿ. ಅಡುಗೆಗೆ, ದನಕ್ಕೆ ಬಳಸಬೇಡಿ.

ಏನು ತೆಗೀಬೇಕು, ಏನು ಇಟ್ಕೋಬೇಕು
ಹವಳದ ಪುಡಿ, ಚಿಪ್ಪು, ಸಮುದ್ರದ ಕಲ್ಲು ಎಲ್ಲಾ ತೆಗೀರಿ. ಇವು ಸುಣ್ಣದಂಶ ಬಿಟ್ಟು ನೀರನ್ನು ಗಡುಸು ಮಾಡ್ತವೆ. ಹೊಸ ಕಲ್ಲು ಹಾಕೋ ಮುಂಚೆ ಅದರ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದ್ರೆ ಬೇಡ. ಮನೆ ಕಟ್ಟುವಾಗ ಉಳಿದ ಶಹಾಬಾದ್ ಕಲ್ಲು ಹಾಕೋಣ ಅನ್ನಿಸಬಹುದು, ಅದು ಸುಣ್ಣದ ಕಲ್ಲೇ.

ಸಮುದ್ರದ ಟ್ಯಾಂಕಿನ ಪ್ರೋಟೀನ್ ಸ್ಕಿಮ್ಮರ್ ಸಿಹಿನೀರಲ್ಲಿ ಕೆಲಸ ಮಾಡಲ್ಲ, ಮಾರಿಬಿಡಿ. ಫಿಲ್ಟರ್, ಪಂಪ್, ಹೀಟರ್ ತುಕ್ಕು ಹಿಡಿದಿಲ್ಲ ಅಂದ್ರೆ ಇಟ್ಕೊಳ್ಳಿ. ಗಾಜಿನ ಮೇಲಿನ ಉಪ್ಪಿನ ಹೆಪ್ಪನ್ನು ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ. ಸೋಪು ಮುಟ್ಟಿಸಬೇಡಿ. ಎರಡು-ಮೂರು ಸಲ ಪೂರ್ತಿ ನೀರು ತುಂಬಿಸಿ ಚೆಲ್ಲಿ. ಕೊನೆಗೆ 24 ಗಂಟೆ ತುಂಬಿಸಿಟ್ಟು ಸೋರುತ್ತಾ ನೋಡಿ. ಹಿಂದೆ ತಾಮ್ರದ ಔಷಧ ಹಾಕಿದ್ದ ಟ್ಯಾಂಕಲ್ಲಿ ಸೀಗಡಿ, ಬಸವನಹುಳು ಸಾಕಬೇಡಿ, ಸಾಯ್ತವೆ.

ಹೊಸ ನೀರು
ನಲ್ಲಿ ನೀರಲ್ಲಿ ಕ್ಲೋರಿನ್ ಇದ್ರೆ ಏರ್ ಪಂಪ್ ಹಚ್ಚಿ ಒಂದೆರಡು ದಿನ ಬಿಡಿ. ಬೋರ್ ನೀರಾದ್ರೆ ಗಡಸುತನ ಪರೀಕ್ಷಿಸಿ. ಗಡಸು ನೀರಿಗೆ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಚೆನ್ನಾಗಿ ಹೊಂದ್ತವೆ. ನಿಯಾನ್ ಟೆಟ್ರಾ, ಡಿಸ್ಕಸ್‌ಗೆ ಮೆದು ನೀರು ಬೇಕು. ಬರೀ ಆರ್‌ಒ ನೀರು ಹಾಕೋದೂ ತಪ್ಪು, ಅದರಲ್ಲಿ ಲವಣವೇ ಇರಲ್ಲ.

ಅವಸರ ಬೇಡ, 4ರಿಂದ 6 ವಾರ ಕಾಯಿರಿ
ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡ್ತವೆ, ಇನ್ನೊಂದು ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಮಾಡ್ತವೆ. ಉಪ್ಪುನೀರಿನ ಬ್ಯಾಕ್ಟೀರಿಯಾ ಇಲ್ಲಿ ಉಳಿಯಲ್ಲ, ಹಾಗಾಗಿ ಹೊಸದಾಗಿ ಬೆಳೀಬೇಕು. ಫಿಲ್ಟರ್ ಓಡಿಸಿಟ್ಟು ದಿನಾ ಚಿಟಿಕೆ ಮೀನಿನ ಆಹಾರ ಹಾಕಿ. ರೋಗವಿಲ್ಲದ ಹಳೇ ಸಿಹಿನೀರಿನ ಟ್ಯಾಂಕಿನ ಫಿಲ್ಟರ್ ಸ್ಪಂಜಿನ ತುಂಡು ಸಿಕ್ಕಿದ್ರೆ ಕೆಲಸ ಬೇಗ ಆಗುತ್ತೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೇ ಮೀನು ತನ್ನಿ.

ಎಷ್ಟು ಮೀನು?
190 ಲೀಟರ್ ಟ್ಯಾಂಕಿಗೆ 8 ಜೀಬ್ರಾ ಡೇನಿಯೊ, 6 ಪ್ಲಾಟಿ, 6 ಮೋಲಿ ಸಾಕು. ಪ್ಲಾಟಿ, ಮೋಲಿ ಮರಿ ಹಾಕ್ತಾನೇ ಇರ್ತವೆ, ಜಾಗ ಬಿಟ್ಟಿರಿ. ಎಲ್ಲಾ ಒಂದೇ ದಿನ ಬಿಡಬೇಡಿ, ವಾರಕ್ಕೆ ಐದಾರು ಬಿಡಿ. ಆಸ್ಕರ್, ಅರೋವಾನಾ ದೊಡ್ಡದಾಗಿ ಬೇರೆಯವನ್ನು ತಿಂತವೆ. ಉಷ್ಣತೆ 24ರಿಂದ 28 ಡಿಗ್ರಿ ಇರಲಿ. ಚಳಿಗಾಲಕ್ಕೆ ಹೀಟರ್ ಬೇಕಾಗುತ್ತೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಆ ನೀರು ಗಿಡಕ್ಕೆ ಒಳ್ಳೇ ಗೊಬ್ಬರ.

ಕೆರೆಗೆ ಬಿಡಬೇಡಿ
ಮೀನು ಹೆಚ್ಚಾಯ್ತು, ಬೇಜಾರಾಯ್ತು ಅಂತ ಮಾಂಜ್ರಾ ನದಿಗೋ ಕಾರಂಜಾ ಜಲಾಶಯಕ್ಕೋ ಊರ ಕೆರೆಗೋ ಬಿಡೋದು ಪುಣ್ಯದ ಕೆಲಸ ಅಲ್ಲ. ಟ್ಯಾಂಕ್ ತೊಳೆಯುತ್ತೆ ಅಂತ ತರುವ ಸಕರ್ ಮೀನು ಈಗಾಗಲೇ ತೆಲಂಗಾಣ, ಆಂಧ್ರದ ಕೆರೆಗಳಲ್ಲಿ ಹಬ್ಬಿ, ಮೀನುಗಾರರ ಬಲೆ ಹರೀತಿದೆ. ಬೇಡವಾದ ಮೀನನ್ನು ಅಂಗಡಿಗೇ ವಾಪಸ್ ಕೊಡಿ.