ಮಗುವನ್ನು ಅಳೆಯುವ ಭಾಷೆ

ಶತಮಾನೋತ್ಸವದ ಸಂಭ್ರಮದಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರಿದ್ದೂ ತೇರ್ಗಡೆಯ ಪಟ್ಟಿಯಲ್ಲಿ ಕಾಣದ ಮಕ್ಕಳನ್ನು ನೆನೆಯುವುದು ವಾಡಿಕೆಯಲ್ಲ. ಗಡಿನಾಡಿನ ಯಾವ ಹಳೆಯ ಶಾಲೆಯಲ್ಲಾದರೂ ಅಂಥವರಿದ್ದರು. ಒಂದೇ ತರಗತಿಯಲ್ಲಿ ಎರಡು ಮೂರು ವರ್ಷ ಕುಳಿತು, ಕೊನೆಗೊಂದು ದಿನ ಕುರಿಮಂದೆಯ ಹಿಂದೆಯೋ ಮಗ್ಗದ ಮುಂದೆಯೋ ಸೇರಿಹೋದವರು. 'ದಡ್ಡ' ಎಂಬ ಒಂದೇ ಮಾತಿನಲ್ಲಿ ಅವರ ವಿಚಾರ ಮುಗಿಯುತ್ತಿತ್ತು. ಕಿವಿ ಮಂದವೋ, ಕಣ್ಣಿನ ದೋಷವೋ, ಬುದ್ಧಿಯ ಬೆಳವಣಿಗೆ ತಡವಾಯಿತೋ, ಅಕ್ಷರ ಕೂಡಿಸುವಲ್ಲಿ ಮಾತ್ರ ತೊಡಕೋ ಎಂದು ವಿಂಗಡಿಸಿ ನೋಡುವ ಸಾಧನ ಮೇಷ್ಟ್ರ ಕೈಯಲ್ಲಿರಲಿಲ್ಲ. ಆ ಸಾಧನ ಕನ್ನಡದಲ್ಲಿ ರೂಪುಗೊಂಡ ಕಥೆ ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ಹಳೆಯದು.

1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದವರೂ ಇವರೇ. ಜನ ಆಕಾಶವಾಣಿಯನ್ನು ನೆನೆದು ಮನಶ್ಶಾಸ್ತ್ರವನ್ನು ಮರೆತರು.

ನಮಗೆ ಹೆಚ್ಚು ಮುಖ್ಯವಾದದ್ದು ಧಾರವಾಡದ ಕೆಲಸ. ಶಾಲೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸಲೆಂದು ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬೀನೆ ಮತ್ತು ಸಿಮೊನ್ 1905ರಲ್ಲಿ ಬುದ್ಧಿಮಾಪನವನ್ನು ರಚಿಸಿದ್ದರು. ವಯಸ್ಸಿಗೆ ತಕ್ಕಂತೆ ಏರುವ ಪ್ರಶ್ನೆಗಳು: ಹೇಳಿದ ಅಂಕಿಗಳನ್ನು ಮರಳಿ ಹೇಳುವುದು, ಚಿತ್ರದಲ್ಲಿರುವುದನ್ನು ಹೆಸರಿಸುವುದು, ಎರಡು ವಸ್ತುಗಳ ವ್ಯತ್ಯಾಸ ತಿಳಿಸುವುದು. ಎಂಟು ವರ್ಷದ ಮಗು ಆರು ವರ್ಷದವರ ಮಟ್ಟದಲ್ಲಿ ಉತ್ತರಿಸಿದರೆ ಅದರ ಬುದ್ಧಿಸೂಚ್ಯಂಕ 75 ಎಂದು ಅನಂತರದವರು ಲೆಕ್ಕ ಹಾಕಿದರು. ಈ ಮಾಪನವನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಪರಿಷ್ಕರಿಸಿ ವಿ. ವಿ. ಕಾಮತರು 1934ರಲ್ಲಿ ಪ್ರಕಟಿಸಿದರು. ಬೀನೆ-ಕಾಮತ್ ಪರೀಕ್ಷೆಯೆಂದು ಇಂದಿಗೂ ಬಳಕೆಯಲ್ಲಿರುವುದು ಅದೇ. ಪರಭಾಷೆಯ ಪ್ರಶ್ನೆಗೆ ಮಗು ಸುಮ್ಮನಿದ್ದರೆ ಅಲ್ಲಿ ಅಳತೆಗೆ ಸಿಕ್ಕಿದ್ದು ಬುದ್ಧಿಯಲ್ಲ, ಭಾಷೆ. ಕಾಮತರ ಪರಿಷ್ಕರಣೆಯ ಅಗತ್ಯ ಹುಟ್ಟಿದ್ದು ಇಲ್ಲಿಂದ. ಅಂಕಿಯೊಂದರಲ್ಲಿ ಮಗುವನ್ನು ಹಿಡಿದಿಡುವ ಕ್ರಮದ ಬಗ್ಗೆ ನನಗೆ ಅನುಮಾನಗಳಿವೆ. ಕಾಮತರ ಈ ಎಚ್ಚರದ ಬಗ್ಗೆ ಇಲ್ಲ.

ಆದರೆ ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು, ಮೈಸೂರು ಅರಸರ ಸಂಸ್ಥಾನ, ನಮ್ಮ ಹಿಂದೂಪುರ ಕಲ್ಯಾಣದುರ್ಗಗಳು ಮದರಾಸು ಪ್ರಾಂತದ ಅನಂತಪುರ ಜಿಲ್ಲೆಗೆ ಸೇರಿದ್ದವು. 1953ರಲ್ಲಿ ಆಂಧ್ರ ರಾಜ್ಯವಾದಾಗಲೂ 1956ರಲ್ಲಿ ಆಂಧ್ರಪ್ರದೇಶವಾದಾಗಲೂ ಇಲ್ಲಿನ ಕನ್ನಡ ಮಕ್ಕಳು ಇಲ್ಲೇ ಉಳಿದರು.

1974ರಲ್ಲಿ ಬೆಂಗಳೂರಿನಲ್ಲಿ ನಿಮ್ಹಾನ್ಸ್ ರೂಪುಗೊಂಡ ಮೇಲೆ ಹಿಂದೂಪುರದ ತಂದೆತಾಯಿಯರಿಗೆ ರೈಲು ಹತ್ತಿದರೆ ಮುಟ್ಟಬಹುದಾದ ಬಾಗಿಲೊಂದು ಇತ್ತು. ಕಲ್ಯಾಣದುರ್ಗಕ್ಕೆ ಅದು ದೂರ. ಆ ಕಡೆಯ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದದ್ದು ವಿಸೆಂಟ್ ಫೆರರ್ ಅವರು 1969ರಲ್ಲಿ ಅನಂತಪುರದಲ್ಲಿ ಕಟ್ಟಿದ ಆರ್‌ಡಿಟಿ. ಕಿವುಡ ಮಕ್ಕಳಿಗೂ ಅಂಧ ಮಕ್ಕಳಿಗೂ ಅದು ವಿಶೇಷ ಶಾಲೆಗಳನ್ನು ನಡೆಸಿತು. ಕಲ್ಯಾಣದುರ್ಗದಲ್ಲಿ ಅದರ ಆಸ್ಪತ್ರೆಯೂ ಇದೆ.

ಕಣ್ಣಿಗೆ ಕಾಣುವ ನ್ಯೂನತೆಗೆ ಹೀಗೆ ದಾರಿ ತೆರೆಯಿತು. ಕಾಣದ ತೊಡಕಿಗೆ ಕಾನೂನಿನ ಹೆಸರು ಸಿಗಲು ಇನ್ನಷ್ಟು ಕಾಲ ಬೇಕಾಯಿತು. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಆದವು, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಆದರೆ ಕನ್ನಡ ಓದುವ ಮಗುವಿನಲ್ಲಿ ಈ ನ್ಯೂನತೆಯನ್ನು ಗುರುತಿಸುವುದು ಹೇಗೆ? ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರಮಾಲೆ ಪೂರ್ತಿ ಕೈವಶವಾಗಲು ಮಕ್ಕಳಿಗೆ ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆ. ಕಾಗುಣಿತ, ಒತ್ತಕ್ಷರಗಳ ನೂರಾರು ರೂಪಗಳು ಅವರ ಮುಂದಿವೆ. ಎರಡನೆಯ ತರಗತಿಯಲ್ಲಿ ಒತ್ತಕ್ಷರ ತಪ್ಪುವುದು ರೋಗವಲ್ಲ. ಐದನೆಯದರಲ್ಲೂ ದೀರ್ಘ ಹಿಡಿಯದಿದ್ದರೆ ವಿಚಾರಿಸಬೇಕು.

ನಮ್ಮಲ್ಲಿ ಇನ್ನೊಂದು ಗೋಜಲಿದೆ. ಕನ್ನಡದ ತಲಕಟ್ಟು ಅಡ್ಡಗೆರೆಯಂತೆ ಮಲಗಿದರೆ ತೆಲುಗಿನ ತಲಕಟ್ಟು ಸರಿಗುರುತಿನಂತೆ ಮೇಲಕ್ಕೇಳುತ್ತದೆ. ಎರಡನ್ನೂ ಕಲಿಯುವ ಮಗು ಒಂದನ್ನು ಇನ್ನೊಂದರ ಮೇಲೆ ಹಾಕಿದರೆ ಅದು ಎರಡು ಲಿಪಿ ಬಲ್ಲ ಮಗುವಿನ ತಪ್ಪು.

2016ರ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿಯಂಥ ಮಾರ್ಪಾಡುಗಳನ್ನು ಹೇಳುತ್ತದೆ. ಮಂಡಲದ ಭವಿತ ಕೇಂದ್ರಗಳಲ್ಲಿ ವಿಶೇಷ ಶಿಕ್ಷಕರಿದ್ದಾರೆ. ಪ್ರಮಾಣಪತ್ರಕ್ಕಾಗಿ ಮಾತ್ರ ಮಗು ಸರ್ಕಾರಿ ಆಸ್ಪತ್ರೆಯ ಸದರಂ ಶಿಬಿರಕ್ಕೆ ಹೋಗಬೇಕು. ಅಲ್ಲಿ ಪ್ರಶ್ನೆ ತೆಲುಗಿನಲ್ಲಿ ಬಂದರೆ, ಮನೆಯಲ್ಲಿ ಕನ್ನಡವಷ್ಟೇ ಕೇಳಿದ ಮಗುವಿನ ಜತೆಗೆ ಅದರ ಕನ್ನಡದ ನೋಟ್‌ಪುಸ್ತಕವೂ, ಸಾಧ್ಯವಾದರೆ ಅದಕ್ಕೆ ಪಾಠ ಹೇಳಿದ ಮೇಷ್ಟ್ರೂ ಹೋಗುವುದು ಒಳ್ಳೆಯದು.